ಕಣ: ಒಂದು ಕಾಳಿನಿಂದ ಒಂದು ಲಕ್ಷದವರೆಗೆ

ಕನ್ನಡದಲ್ಲಿ ‘ಕಣ’ ಎಂಬ ಎರಡಕ್ಷರದ ಹಿಂದೆ ಎರಡು ಬೇರೆ ಬೇರೆ ಪದಗಳಿವೆ. ಒಂದು ನೆಲದ ಹೆಸರು, ಇನ್ನೊಂದು ಆ ನೆಲದ ಮೇಲೆ ಉದುರುವ ಕಾಳಿನ ಹೆಸರು. ಮೊದಲನೆಯದು ದ್ರಾವಿಡ ಮೂಲದ ನಮ್ಮದೇ ಮಾತು, ಎರಡನೆಯದು ಸಂಸ್ಕೃತದಿಂದ ಬಂದದ್ದು. ಉಚ್ಚಾರ ಒಂದೇ, ಬರಹ ಒಂದೇ, ಸಾಲದ್ದಕ್ಕೆ ಎರಡೂ ಒಕ್ಕಲುತನದ ಸುತ್ತಲೇ ಓಡಾಡುವಂಥವು. ಹೀಗಾಗಿ ಇವನ್ನು ಒಂದೇ ಬೇರಿನ ಕೊಂಬೆಗಳೆಂದು ತಿಳಿಯುವುದು ಸುಲಭ. ಹಾಗಲ್ಲ.

ನೆಲದ ಕಣಕ್ಕೆ ‘ಕಳ’ ಎಂಬ ಇನ್ನೊಂದು ರೂಪವೂ ಇದೆ. ತಮಿಳು, ಮಲಯಾಳಂಗಳಲ್ಲಿ ಇಂದಿಗೂ ‘ಕಳಂ’. ತುಳುವಿನಲ್ಲೂ ಇದರ ಒಡಹುಟ್ಟು ಇದೆ. ಸುಗ್ಗಿಗೆ ಮುಂಚೆ ಹುಲ್ಲು ಕೆತ್ತಿ, ನೆಲ ಗಟ್ಟಿಸಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟರೆ ಅದು ಕಣ. ಉತ್ತರ ಕರ್ನಾಟಕದ ಒಕ್ಕಣೆ ಹಾಡುಗಳಾದ ಹಂತಿಪದಗಳು ಹುಟ್ಟಿದ್ದು ಆ ಮೇಟಿಕಂಬದ ಸುತ್ತ. ಯುದ್ಧಕ್ಕೂ ಬಯಲೇ ಬೇಕಲ್ಲ, ಹಾಗಾಗಿ ಪದ ರಣರಂಗಕ್ಕೆ ಹೋಯಿತು, ಅಲ್ಲಿಂದ ಕುಸ್ತಿಗೆ, ಕೊನೆಗೆ ಚುನಾವಣೆಗೆ. ‘ಕಣಕ್ಕಿಳಿದರು’, ‘ಕಣದಿಂದ ಹಿಂದೆ ಸರಿದರು’ ಎಂದು ಪತ್ರಿಕೆಗಳು ದಿನಬೆಳಗಾದರೆ ಬರೆಯುತ್ತವೆ.

ಕಾಳಿನ ಕಣದ ದಾರಿ ಬೇರೆ. ಸಂಸ್ಕೃತದಲ್ಲಿ ಅದು ಧಾನ್ಯದ ಕಾಳು, ನುಚ್ಚು, ಹನಿ, ಕಿಡಿ. ಜಲಕಣ, ಅಗ್ನಿಕಣ, ಧೂಳಿಕಣ ಎಲ್ಲ ಅಲ್ಲಿಂದ ಬಂದವು. ಗೋಧಿಹಿಟ್ಟನ್ನು ಸೂಚಿಸುವ ‘ಕಣಿಕ’ ನಮ್ಮ ಅಡುಗೆಮನೆಗೆ ಬಂದು ಹೋಳಿಗೆಯ ‘ಕಣಕ’ವಾಯಿತು, ಮರಾಠಿಯವರು ಅದನ್ನೇ ‘ಕಣೀಕ್’ ಅನ್ನುತ್ತಾರೆ. ಈ ಬಳಕೆಗಳಲ್ಲೆಲ್ಲ ಕಣವೆಂದರೆ ಸಣ್ಣದು, ಬಿಡಿ, ಒಂದು ರಾಶಿಯಿಂದ ಬೇರೆಯಾದ ಚೂರು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಪದದ ಅರ್ಥ ತಿರುವುಮುರುವಾಗುವುದು ಈ ಅಂಶದಲ್ಲೇ.

ವೈಶೇಷಿಕ ದರ್ಶನದ ಸೂತ್ರಕಾರನಿಗೆ ಕಣಾದ ಎಂದು ಹೆಸರು. ಬಿದ್ದ ಕಾಳು ಆಯ್ದು ತಿಂದು ಬದುಕುತ್ತಿದ್ದನೆಂಬುದು ಆ ಹೆಸರಿಗೆ ಸಂಪ್ರದಾಯ ಕೊಡುವ ವಿವರಣೆ. ಆದರೆ ಜಗತ್ತಿನ ಕೊನೆಯ ತುಣುಕಿಗೆ ಆ ದರ್ಶನ ಇಟ್ಟುಕೊಂಡ ಹೆಸರು ಕಣವಲ್ಲ; ಅಣು, ಪರಮಾಣು. ಕಣ ಉಳಿದದ್ದು ಋಷಿಯ ಅಡ್ಡಹೆಸರಿನಲ್ಲಿ ಮಾತ್ರ. ಆಧುನಿಕ ವಿಜ್ಞಾನ ಕನ್ನಡಕ್ಕೆ ಬಂದಾಗ ಹಳೆಯ ಎರಡು ಗೌರವದ ಪದಗಳನ್ನೂ ರಸಾಯನಶಾಸ್ತ್ರ ತೆಗೆದುಕೊಂಡಿತು, ಪರಮಾಣುಗಳು ಕೂಡಿ ಅಣು ಎಂದು ಪಾಠವಾಯಿತು. ಅಷ್ಟರಲ್ಲಿ ಪರಮಾಣುವೂ ಒಡೆದಿತ್ತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದರು, 1920ರಲ್ಲಿ ರುದರ್‌ಫೋರ್ಡ್ ಪ್ರೋಟಾನಿಗೆ ಹೆಸರಿಟ್ಟರು. ‘ಪರಮ’ಕ್ಕಿಂತ ಚಿಕ್ಕದಕ್ಕೆ ಏನನ್ನಬೇಕು? ಯಾವ ದರ್ಶನದ ಭಾರವನ್ನೂ ಹೊರದ, ಕಾಳು ನುಚ್ಚುಗಳ ನಡುವೆ ಬೆಳೆದ ‘ಕಣ’ ಆ ಜಾಗಕ್ಕೆ ಬಂದು ನಿಂತಿತು. ಇದಕ್ಕಿಂತ ಒಳ್ಳೆಯ ಆಯ್ಕೆ ಸಾಧ್ಯವಿರಲಿಲ್ಲ ಎಂದೇ ನನ್ನ ಅಭಿಪ್ರಾಯ. 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಸುದ್ದಿ ಬಂದಾಗ ‘ದೇವಕಣ’ ಎಂಬ ಮಾತು ಕನ್ನಡ ಓದುಗರಿಗೆ ಅರ್ಥವಾಗಲು ಟಿಪ್ಪಣಿ ಬೇಕಾಗಲಿಲ್ಲ.

ಆ ಬೋಸಾನ್ ಸಿಕ್ಕಿದ್ದು ಜಿನೀವಾದ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ. ಸುಮಾರು 27 ಕಿಲೋಮೀಟರ್ ಸುತ್ತಳತೆಯ ಆ ಉಂಗುರದಲ್ಲಿ ಪ್ರೋಟಾನುಗಳು ಸೆಕೆಂಡಿಗೆ 11,000ಕ್ಕೂ ಹೆಚ್ಚು ಸುತ್ತು ಬರುತ್ತವೆ. ಅವು ಒಂಟಿಯಾಗಿ ಓಡುವುದಿಲ್ಲ, ಗೊಂಚಲು ಗೊಂಚಲಾಗಿ ಓಡುತ್ತವೆ. ಮೂಲ ವಿನ್ಯಾಸದ ಪ್ರಕಾರ ಒಂದು ದೂಲದಲ್ಲಿ (ಒಂದೇ ದಿಕ್ಕಿಗೆ ಸಾಗುವ ಕಣಗಳ ಪ್ರವಾಹ, ಬೀಮ್) 2,808 ಗೊಂಚಲು, ಪ್ರತಿ ಗೊಂಚಲಿನಲ್ಲಿ ಸುಮಾರು 11,500 ಕೋಟಿ ಪ್ರೋಟಾನ್. ಇಂಥ ಯಂತ್ರವನ್ನು ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡಲೇಬೇಕು. ದಾರಿ ಬಾಗಿಸುವ ಕಾಂತವೊಂದು ಕೂದಲೆಳೆಯಷ್ಟು ಓರೆಯಾದರೆ ದೂಲ ಎಲ್ಲಿ ಹೋಗಿ ಬಡಿಯುತ್ತದೆ ಎಂಬುದನ್ನು ಕಬ್ಬಿಣ, ತಾಮ್ರಗಳಿಗೆ ದುಡ್ಡು ಸುರಿದ ಮೇಲೆ ಕಲಿಯಲಾಗದು.

ಈ ಲೆಕ್ಕ ಕಷ್ಟವಾಗುವುದು ಕಣಗಳು ಒಂದನ್ನೊಂದು ತಳ್ಳುವುದರಿಂದ. ಎಲ್ಲವೂ ಧನ ಆವೇಶದವು. ವೇಗ ಹೆಚ್ಚಿದಂತೆ ಈ ನೂಕಾಟದ ಪರಿಣಾಮ ಕುಗ್ಗುತ್ತದೆ. ಅಯಾನು ಮೂಲದಿಂದ ಆಗತಾನೆ ಹೊರಬಿದ್ದ ನಿಧಾನಗತಿಯ ದೂಲದಲ್ಲಿ ಅದು ವಿಪರೀತ. 11,500 ಕೋಟಿ ಕಣಗಳ ಪರಸ್ಪರ ನೂಕಾಟವನ್ನು ಜೋಡಿ ಜೋಡಿಯಾಗಿ ಎಣಿಸಬಲ್ಲ ಕಂಪ್ಯೂಟರ್ ಇಲ್ಲ. 10 ಲಕ್ಷಕ್ಕೆ ಇಳಿಸಿದರೂ ಒಂದು ಹೆಜ್ಜೆಗೆ ಸುಮಾರು 50,000 ಕೋಟಿ ಜೋಡಿಗಳಾಗುತ್ತವೆ.

1960ರ ಆಸುಪಾಸಿನಲ್ಲಿ ಆಸ್ಕರ್ ಬ್ಯೂನೆಮನ್, ಜಾನ್ ಡಾಸನ್ ಮೊದಲಾದವರು ಪ್ಲಾಸ್ಮಾ ಅಧ್ಯಯನಕ್ಕಾಗಿ ಹಿಡಿದ ಉಪಾಯ ಇಲ್ಲಿ ನೆರವಿಗೆ ಬಂತು. ನಿಜದ ಕಣಗಳ ಬದಲು ಕೆಲವೇ ‘ದೊಡ್ಡ’ ಕಣಗಳನ್ನು ಓಡಿಸುವುದು. ಈ ಕ್ಷೇತ್ರದವರು ಅವನ್ನು ಮ್ಯಾಕ್ರೋಪಾರ್ಟಿಕಲ್ ಎನ್ನುತ್ತಾರೆ. ಹತ್ತು ಲಕ್ಷ ಮ್ಯಾಕ್ರೋಕಣಗಳಿಂದ ಮೇಲೆ ಹೇಳಿದ ಗೊಂಚಲನ್ನು ತೋರಿಸಿದರೆ ಒಂದೊಂದೂ 1,15,000 ಪ್ರೋಟಾನುಗಳ ಪರವಾಗಿ ಓಡುತ್ತದೆ. ಅದರ ಆವೇಶ ಅಷ್ಟು ಪಟ್ಟು, ತೂಕವೂ ಅಷ್ಟೇ ಪಟ್ಟು. ಎರಡರ ಅನುಪಾತ ಬದಲಾಗುವುದಿಲ್ಲ, ಹಾಗಾಗಿ ಅದೇ ಕ್ಷೇತ್ರದಲ್ಲಿ ಒಂಟಿ ಪ್ರೋಟಾನ್ ಹಿಡಿಯುವ ದಾರಿಯನ್ನೇ ಅದೂ ಹಿಡಿಯುತ್ತದೆ.

ಜೋಡಿ ಎಣಿಸುವ ಕೆಲಸ ತಪ್ಪಿಸಲು ಗೊಂಚಲಿನ ಮೇಲೆ ಒಂದು ಜಾಲರಿ ಹಾಸುತ್ತಾರೆ. ಮೂರೂ ದಿಕ್ಕಿಗೆ 64 ಮನೆಗಳೆಂದರೆ ಒಟ್ಟು 2,62,144 ಮನೆ. ಪ್ರತಿ ಕಣವೂ ತಾನಿರುವ ಮನೆಯ ಎಂಟು ಮೂಲೆಗಳಿಗೆ ತನ್ನ ಆವೇಶವನ್ನು ಹಂಚುತ್ತದೆ. ಹತ್ತಿರದ ಮೂಲೆಗೆ ಹೆಚ್ಚು, ದೂರದ್ದಕ್ಕೆ ಕಡಿಮೆ. ಆಮೇಲೆ ಜಾಲರಿಯ ಮೇಲೆ ಪ್ವಾಸಾನ್ ಸಮೀಕರಣ ಬಿಡಿಸಿ ವಿದ್ಯುತ್ ಕ್ಷೇತ್ರ ಕಂಡುಹಿಡಿಯುತ್ತಾರೆ. ಆ ಕ್ಷೇತ್ರವನ್ನು ಮೂಲೆಗಳಿಂದ ಕಣಕ್ಕೆ ಹಿಂದಕ್ಕೆ ತರುವಾಗ ಹಂಚಿದ ಪಾಲಿನ ಲೆಕ್ಕವನ್ನೇ ಬಳಸಬೇಕು. ಬೇರೆ ಲೆಕ್ಕ ಹಿಡಿದರೆ ಕಣ ತನ್ನನ್ನು ತಾನೇ ತಳ್ಳಿಕೊಳ್ಳತೊಡಗುತ್ತದೆ, ಪ್ರಕೃತಿಯಲ್ಲಿಲ್ಲದ ಬಲವೊಂದು ಪ್ರೋಗ್ರಾಮಿನಲ್ಲಿ ಹುಟ್ಟುತ್ತದೆ. ಇದಾದ ಮೇಲೆ ವೇಗ ತಿದ್ದಿ, ಕಣವನ್ನು ಒಂದು ಹೆಜ್ಜೆ ಮುಂದೆ ಇಟ್ಟು, ಮತ್ತೆ ಮೊದಲಿನಿಂದ. ಅಚ್ಚುಕಟ್ಟಾಗಿ ಸಾರಿಸಿದ ನೆಲ, ಅದರ ಮೇಲೆ ಹರಡಿದ ಕಾಳು: ನಮ್ಮ ಎರಡು ಕಣಗಳೂ ಇಲ್ಲಿ ಒಂದೇ ಪ್ರೋಗ್ರಾಮಿನೊಳಗೆ ಸಿಗುತ್ತವೆ.

ಪದದ ಅರ್ಥ ತಿರುಗಿದ್ದು ಇಲ್ಲೇ. ರಾಶಿಯ ಚೂರಾಗಿದ್ದ ಕಣ ಈಗ ತಾನೇ ಒಂದು ರಾಶಿ. ಇದು ಬರೀ ನಿಘಂಟಿನವರ ಚಿಂತೆಯಲ್ಲ, ಯಂತ್ರದ ಸುರಕ್ಷತೆಯ ಪ್ರಶ್ನೆ. ಅಧಿಕ ಶಕ್ತಿಯ ಪ್ರೋಟಾನ್ ವೇಗವರ್ಧಕ ಕಟ್ಟುವವರು ಒಂದು ನಿಯಮ ಪಾಲಿಸುತ್ತಾರೆ: ದೂಲದಿಂದ ಕೊಳವೆಯ ಗೋಡೆಗೆ ಸೋರುವ ಶಕ್ತಿ ಮೀಟರಿಗೆ 1 ವ್ಯಾಟ್ ಮೀರಬಾರದು. ಮೀರಿದರೆ ಲೋಹವೇ ವಿಕಿರಣಶೀಲವಾಗಿ, ಯಂತ್ರ ನಿಲ್ಲಿಸಿದ ಮೇಲೂ ತಂತ್ರಜ್ಞರು ಹತ್ತಿರ ಹೋಗಿ ಕೈಯಾರೆ ರಿಪೇರಿ ಮಾಡಲಾಗದು. 10 ಲಕ್ಷ ವ್ಯಾಟಿನ ದೂಲದಲ್ಲಿ 1 ವ್ಯಾಟ್ ಎಂದರೆ ಹತ್ತು ಲಕ್ಷದಲ್ಲೊಂದು ಪಾಲು. ಈಗ ಆ ದೂಲವನ್ನು ಒಂದು ಲಕ್ಷ ಮ್ಯಾಕ್ರೋಕಣಗಳಿಂದ ಸಿಮ್ಯುಲೇಟ್ ಮಾಡಿದೆವು ಅನ್ನೋಣ. ಪರದೆಯ ಮೇಲೆ ಒಂದೇ ಒಂದು ಕಣ ಗೋಡೆಗೆ ಬಡಿಯಿತು. ‘ಒಂದೇ ಕಣವಲ್ಲವೇ’ ಎಂದು ಸುಮ್ಮನಾಗುವಂತಿಲ್ಲ, ಅದು 10 ವ್ಯಾಟ್. ಒಂದೂ ಬಡಿಯದಿದ್ದರೂ ನೆಮ್ಮದಿಯಿಲ್ಲ, ಅಷ್ಟು ಚಿಕ್ಕ ಸೋರಿಕೆಯನ್ನು ಕಾಣುವ ಕಣ್ಣೇ ಆ ಲೆಕ್ಕಕ್ಕಿಲ್ಲ. ಕಣಗಳನ್ನು ಹೆಚ್ಚಿಸುವುದೂ ದುಬಾರಿ ದಾರಿ: ಸಂಖ್ಯೆ ನೂರು ಪಟ್ಟಾದರೆ ಲೆಕ್ಕದ ಗದ್ದಲ, ಅಂದರೆ ಆಕಸ್ಮಿಕ ಏರುಪೇರು, ಹತ್ತು ಪಟ್ಟು ಮಾತ್ರ ಇಳಿಯುತ್ತದೆ.

ಎಲ್ಲ ತಂತ್ರಾಂಶಗಳೂ ಕಣ ಎಂದಾಗ ಇದನ್ನೇ ಹೇಳುವುದಿಲ್ಲ. ಸರ್ನ್‌ನ ಸಿಕ್ಸ್‌ಟ್ರ್ಯಾಕ್‌ನಲ್ಲಿ ಕಣ ನಿಜಕ್ಕೂ ಒಂಟಿ, ಪರೀಕ್ಷೆಗಾಗಿ ಬಿಟ್ಟ ಕಣ. ಪಕ್ಕದ್ದರ ಪರಿವೆ ಅದಕ್ಕಿಲ್ಲ. ಸಾಮಾನ್ಯವಾಗಿ 60 ಕಣಗಳನ್ನು ಬಿಟ್ಟು, ಅವು ಒಂದು ಲಕ್ಷ ಸುತ್ತು, ಕೆಲವೊಮ್ಮೆ ಹತ್ತು ಲಕ್ಷ ಸುತ್ತು ಉಳಿಯುತ್ತವೆಯೇ ಎಂದು ನೋಡುತ್ತಾರೆ. ನಿಜದ ಯಂತ್ರದಲ್ಲಿ ಒಂದು ಲಕ್ಷ ಸುತ್ತಿಗೆ ಹತ್ತು ಸೆಕೆಂಡೂ ಬೇಡ. ಈ ಲೆಕ್ಕಕ್ಕಾಗಿ 2004ರಲ್ಲಿ ಸರ್ನ್ ಜನಸಾಮಾನ್ಯರ ಮನೆಯ ಕಂಪ್ಯೂಟರುಗಳ ಬಿಡುವಿನ ಸಮಯವನ್ನು ಕೇಳಿ ಪಡೆಯಿತು. ಆಗ ಒಂದು ತೊಡಕು ಎದ್ದಿತು: ಒಂದೇ ಕಣ, ಒಂದೇ ಆರಂಭ, ಬೇರೆ ಕಂಪ್ಯೂಟರಿನಲ್ಲಿ ಬೇರೆ ಉತ್ತರ. ಸೈನ್, ಘಾತಗಳಂಥ ಫಲನಗಳ ಕೊನೆಯ ಅಂಕಿಯನ್ನು ಒಂದೊಂದು ಯಂತ್ರ ಒಂದೊಂದು ರೀತಿ ಕತ್ತರಿಸುತ್ತಿತ್ತು. ಅಂಚಿನಲ್ಲಿ ಓಡುವ ಕಣಕ್ಕೆ ಅಷ್ಟು ವ್ಯತ್ಯಾಸವೇ ಸಾಕು, ಲಕ್ಷ ಸುತ್ತಿನಲ್ಲಿ ಅದು ಬೆಳೆದು ಕಣ ಉಳಿಯುವುದೋ ಕಳೆದುಹೋಗುವುದೋ ಎಂಬುದನ್ನೇ ಬದಲಿಸುತ್ತದೆ. ಕೊನೆಯ ಅಂಕಿಯನ್ನು ಎಲ್ಲೆಡೆ ಒಂದೇ ತೆರನಾಗಿ ಸರಿಹೊಂದಿಸುವ, ಫ್ರಾನ್ಸಿನ ಲಿಯಾನ್‌ನಲ್ಲಿ ತಯಾರಾದ ಗಣಿತದ ಲೈಬ್ರರಿಯೊಂದನ್ನು ಜೋಡಿಸಿದ ಮೇಲೆ ಉತ್ತರಗಳು ಕೂಡಿಬಂದವು. ವೇಗವರ್ಧಕದ ತಂತ್ರಾಂಶ ಬರೆಯುವವರ ಶ್ರದ್ಧೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇದೆಲ್ಲ ಜಿನೀವಾದ ಮಾತಾಯಿತು, ನಮಗೇನು ಎನ್ನುವಂತಿಲ್ಲ. ಇಂದೋರಿನ ಇಂಡಸ್-2 ಉಂಗುರದಲ್ಲಿ 250 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನುಗಳು ತಿರುಗುತ್ತವೆ. ಅದನ್ನು ನಡೆಸುವ ಸಂಸ್ಥೆಗೆ ಇಟ್ಟಿರುವುದು ಕನ್ನಡಿಗ ರಾಜಾ ರಾಮಣ್ಣನವರ ಹೆಸರು. ಮಂಗಳೂರು ವಿಶ್ವವಿದ್ಯಾನಿಲಯಕ್ಕೆ 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಮೈಕ್ರೋಟ್ರಾನ್ ವೇಗವರ್ಧಕ ಬಂದದ್ದೂ ಇಂದೋರಿನ ಆ ಕೇಂದ್ರದ ನೆರವಿನಿಂದಲೇ. ಈ ವಿದ್ಯೆಯನ್ನು ಕನ್ನಡದಲ್ಲಿ ಕಲಿಯಬಯಸುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ.

ಅವರಿಗಾಗಿ ಪಾಠ ಬರೆಯುವವರಲ್ಲಿ ಒಂದು ವಿನಂತಿ. ‘ಕಣ’ವನ್ನು ಪ್ರಕೃತಿಯಲ್ಲಿರುವ ಕಣಕ್ಕೇ ಬಿಡಿ. ಸಿಮ್ಯುಲೇಶನ್‌ನಲ್ಲಿ ಲಕ್ಷಗಳ ಪರವಾಗಿ ಓಡುವುದನ್ನು ‘ಪ್ರತಿನಿಧಿ ಕಣ’ ಎನ್ನಿ, ಒಂಟಿಯಾಗಿ ದಾರಿ ನೋಡಲು ಬಿಟ್ಟದ್ದನ್ನು ‘ಪರೀಕ್ಷಾ ಕಣ’ ಎನ್ನಿ. ಪ್ರತಿನಿಧಿ ಕಣದ ಮಾತು ಬಂದಲ್ಲೆಲ್ಲ ಅದು ಎಷ್ಟು ನಿಜ ಕಣಗಳ ಪರವಾಗಿದೆ ಎಂಬ ಸಂಖ್ಯೆಯನ್ನು ಪಕ್ಕದಲ್ಲೇ ಬರೆಯಿರಿ.