ವಶ ಎಂದರೆ ಮೊದಲು ಬಯಕೆ

ಡ್ಯಾನ್ ಸಿಮನ್ಸ್ ಬರೆದ ‘ಕ್ಯಾರಿಯನ್ ಕಂಫರ್ಟ್’ 1989ರಲ್ಲಿ ಬಂದ ದಪ್ಪ ಇಂಗ್ಲಿಷ್ ಕಾದಂಬರಿ. ಇನ್ನೊಬ್ಬರ ಮನಸ್ಸಿನೊಳಗೆ ಹೊಕ್ಕು ಅವರ ಕೈಕಾಲು, ನಾಲಗೆಗಳನ್ನು ತಮ್ಮವೇ ಎಂಬಂತೆ ಆಡಿಸಬಲ್ಲ ಕೆಲವೇ ಮಂದಿಯ ಕಥೆ ಅದು. ಅವರಲ್ಲೊಬ್ಬ ನಾಜಿ ಅಧಿಕಾರಿ. ಯಾತನಾ ಶಿಬಿರದ ಕೈದಿಗಳನ್ನೇ ಕಾಯಿಗಳಾಗಿ ನಿಲ್ಲಿಸಿ ಚದುರಂಗ ಆಡುತ್ತಾನೆ. ಬದುಕಿ ಉಳಿದ ಸಾಲ್ ಲಾಸ್ಕಿ ಎಂಬ ಯಹೂದಿ ತರುಣ ಮುಂದೆ ಮನೋವೈದ್ಯನಾಗಿ ಅವನ ಬೆನ್ನು ಹತ್ತುತ್ತಾನೆ. ಇಂಥ ಶಕ್ತಿಗೆ ಕನ್ನಡದಲ್ಲಿ ಹೆಸರು ಹುಡುಕಿಕೊಂಡು ಅಲೆಯಬೇಕಿಲ್ಲ. ವಶೀಕರಣ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಆ ಪದದ ಬುಡದಲ್ಲಿರುವ ‘ವಶ’ಕ್ಕೆ ಹುಟ್ಟಿದಾಗ ಇದ್ದ ಅರ್ಥ ಇದಕ್ಕೆ ತೀರ ಎದುರಿನದು.

ಸಂಸ್ಕೃತದ ‘ವಶ್’ ಧಾತುವಿಗೆ ಬಯಸು, ಇಚ್ಛಿಸು ಎಂದರ್ಥ. ಋಗ್ವೇದದ ಹತ್ತನೆಯ ಮಂಡಲದ ಒಂದು ಸೂಕ್ತ ಗಾಳಿಯನ್ನು ಹೊಗಳುತ್ತ, ಈ ದೇವ ‘ಯಥಾವಶ’ ಸಂಚರಿಸುತ್ತಾನೆ ಎನ್ನುತ್ತದೆ. ಅಂದರೆ ತನ್ನ ಮನಸ್ಸು ಬಂದ ಕಡೆಗೆ. ಅಲ್ಲಿ ವಶ ಎಂದರೆ ಯಾರ ಹಿಡಿತವೂ ಅಲ್ಲ, ತನ್ನ ಇಚ್ಛೆ. ಇದೇ ಮೂಲದ ಗ್ರೀಕ್ ಪದ ‘ಹೆಕೋನ್’. ಮನಸಾರೆ ಮಾಡಿದವನು ಎಂದು ಅದರ ಅರ್ಥ. ಮನುಷ್ಯ ತಾನಾಗಿ ಮಾಡಿದ್ದು ಯಾವುದು, ಬಲವಂತಕ್ಕೆ ಮಾಡಿದ್ದು ಯಾವುದು ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ವಿಚಾರ ಮಾಡಿದ್ದು ಆ ಪದದ ಮಕ್ಕಳನ್ನೇ ಇಟ್ಟುಕೊಂಡು. ಒಂದೇ ಬೇರಿನ ಪದ ಅಲ್ಲಿ ಸ್ವಂತ ಇಚ್ಛೆಯ ಗುರುತಾಗಿ ಉಳಿಯಿತು. ಇಲ್ಲಿ ಅದರ ದಾರಿ ಬೇರೆಯಾಯಿತು.

ಹೇಗೆ ಬೇರೆಯಾಯಿತು ಎಂಬುದು ಅಥರ್ವವೇದದ ಮೂರನೆಯ ಕಾಂಡದ 25ನೆಯ ಸೂಕ್ತದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಒಬ್ಬ ಗಂಡಸು ತಾನು ಬಯಸಿದ ಹೆಣ್ಣಿನ ಎದೆಗೆ ಕಾಮನ ಬಾಣ ನೆಡಲಿ ಎನ್ನುತ್ತಾನೆ. ಕೊನೆಗೆ ಮಿತ್ರಾವರುಣರನ್ನು ಕರೆದು ಕೇಳಿಕೊಳ್ಳುವುದು ಇದು: ಅವಳ ಹೃದಯದಲ್ಲಿರುವ ಯೋಚನೆಗಳನ್ನೆಲ್ಲ ಹೊರಗೆ ಚೆಲ್ಲಿ, ಅವಳನ್ನು ‘ಅಕ್ರತು’ ಮಾಡಿ, ನನ್ನೊಬ್ಬನ ವಶಕ್ಕೆ ಕೊಡಿ. ಕ್ರತು ಎಂದರೆ ಸಂಕಲ್ಪ. ಅಕ್ರತು ಎಂದರೆ ಸಂಕಲ್ಪವೇ ಇಲ್ಲದವಳು. ಇದರ ಕ್ರಿಯಾವಿಧಿ ಕೌಶಿಕಸೂತ್ರದಲ್ಲಿದೆ. ಮಣ್ಣಿನಿಂದ ಅವಳ ಗೊಂಬೆ ಮಾಡಬೇಕು. ಬಿಲ್ಲಿಗೆ ಸೆಣಬಿನ ಹೆದೆ, ಬಾಣಕ್ಕೆ ಮುಳ್ಳಿನ ಮೊನೆ, ಗೂಬೆಯ ಗರಿ. ಗೊಂಬೆಯ ಎದೆಗೆ ಗುರಿಯಿಟ್ಟು ಹೊಡೆಯಬೇಕು.

ನನ್ನನ್ನು ಕಾಡುವುದು ಗೊಂಬೆಯಲ್ಲ, ಬಾಣವೂ ಅಲ್ಲ, ಆ ಬೇಡಿಕೆಯ ಕ್ರಮ. ಮೊದಲು ಅವಳ ಇಚ್ಛೆ ತೆಗೆಯಿರಿ, ಆಮೇಲೆ ನನ್ನದನ್ನು ಅಲ್ಲಿ ಇಡಿ. ವಶ ಎಂದರೆ ಇಚ್ಛೆ ಎಂಬ ಹಳೆಯ ಅರ್ಥ ಇಲ್ಲಿ ಸತ್ತಿಲ್ಲ. ನನ್ನ ವಶದಲ್ಲಿರುವುದು ಎಂದರೆ ನನ್ನ ಬಯಕೆಯೊಳಗೆ ಬದುಕುವುದು. ಮನಸ್ಸನ್ನು ಹಿಡಿಯುವವರ ಕಥೆ ಬರೆದವರೆಲ್ಲ ಭಯ ಹುಟ್ಟಿಸುವುದು ಇದೇ ಜಾಗದಿಂದ. ಸರಪಳಿ ಹಾಕಿಸಿಕೊಂಡವನಿಗೆ ತಾನು ಸೆರೆಯಾಳು ಎಂದು ತಿಳಿದಿರುತ್ತದೆ. ವಶವಾದವನಿಗೆ ತಾನೇ ಬಯಸಿ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ವಶೀಕರಣದ ‘ಈ’ಕಾರಕ್ಕೂ ಕೆಲಸವಿದೆ. ಮೊದಲು ಹಾಗಿಲ್ಲದ್ದು ಹಾಗೆ ಆಗುವುದನ್ನು ವ್ಯಾಕರಣಕಾರರು ‘ಅಭೂತತದ್ಭಾವ’ ಎನ್ನುತ್ತಾರೆ. ಶುದ್ಧವಲ್ಲದ್ದನ್ನು ಶುದ್ಧ ಮಾಡಿದರೆ ಶುದ್ಧೀಕರಣ, ಸರ್ಕಾರದ್ದನ್ನು ಖಾಸಗಿ ಮಾಡಿದರೆ ಖಾಸಗೀಕರಣ. ತಾನಾಗಿ ಒಲಿದು ಬಂದವರನ್ನು ವಶೀಕರಣ ಮಾಡಲಾಗದು ಎಂದು ಆ ಅಕ್ಷರವೇ ಹೇಳುತ್ತದೆ.

ಪತಂಜಲಿಯ ಯೋಗಸೂತ್ರದಲ್ಲಿ ಇದೇ ಪದ ಒಳಮುಖವಾಗಿ ತಿರುಗಿತು. ಕಂಡ ಕೇಳಿದ ವಿಷಯಗಳಲ್ಲಿ ಆಸೆ ಹೋದವನ ಸ್ಥಿತಿಗೆ ಅಲ್ಲಿ ‘ವಶೀಕಾರ’ವೆಂದು ಹೆಸರು, ಅದೇ ವೈರಾಗ್ಯ. ಆದರೆ ಯೋಗಿಗೆ ಸಿಗುವ ಅಷ್ಟಸಿದ್ಧಿಗಳ ಪಟ್ಟಿಯಲ್ಲಿ ‘ವಶಿತ್ವ’ವೂ ಇದೆ. ತನ್ನನ್ನು ಗೆದ್ದವನಿಗೆ ಹೊರಗಿನದನ್ನೂ ಗೆಲ್ಲುವ ಬಲ ಬರುತ್ತದೆ ಎಂಬ ನಂಬಿಕೆ ಎರಡು ಅರ್ಥಗಳನ್ನೂ ಒಂದೇ ಸೂರಿನಡಿ ಇಟ್ಟಿತು.

ತಂತ್ರಗ್ರಂಥಗಳಲ್ಲಿ ಈ ಬಲ ಷಟ್ಕರ್ಮಗಳಲ್ಲಿ ಒಂದಾಯಿತು: ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ. ಯಂಡಮೂರಿಯವರ ‘ತುಳಸಿದಳ’ ಕಾದಂಬರಿ ಓದಿ ರಾತ್ರಿ ದೀಪ ಆರಿಸಲು ಹೆದರಿದವರಿಗೆ ಗೊತ್ತಿರುವ ಕಾಷ್ಮೋರ ಎಂಬ ಮಾಟ ಮಾರಣದ ಜಾತಿಯದು. ವಶ್ಯಕ್ಕೆ ಕೊಲ್ಲುವ ಉದ್ದೇಶವಿಲ್ಲ. ಅದಕ್ಕೆ ಆಳು ಬದುಕಿರಬೇಕು. ಈ ವಿದ್ಯೆಯ ಎರಡು ಮುಖ್ಯ ಸಂಸ್ಕೃತ ಗ್ರಂಥಗಳ ನಂಟು ನಮ್ಮ ನೆಲದ್ದೇ. ಜೈನ ಮುನಿ ಇಂದ್ರನಂದಿ ‘ಜ್ವಾಲಿನೀಕಲ್ಪ’ವನ್ನು ಮುಗಿಸಿದ್ದು ಶಕ 861ರಲ್ಲಿ, ಅಂದರೆ ಕ್ರಿ.ಶ. 939ರಲ್ಲಿ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ. ಬ್ರಹ್ಮರಾಕ್ಷಸ ಹಿಡಿದ ಕಮಲಶ್ರೀ ಎಂಬ ಶಿಷ್ಯೆಯನ್ನು ಬಿಡಿಸಲು ಹೇಲಾಚಾರ್ಯರು ಜ್ವಾಲಾಮಾಲಿನಿ ದೇವಿಯನ್ನು ಒಲಿಸಿಕೊಂಡ ಕಥೆ ಅದರ ಹಿನ್ನೆಲೆ. ಹಿಡಿತದಿಂದ ಬಿಡಿಸಲು ಹುಟ್ಟಿದ ಗ್ರಂಥ ಹಿಡಿತಕ್ಕೆ ತರುವ ವಶ್ಯಯಂತ್ರಗಳನ್ನೂ ಹೇಳಿಕೊಡುತ್ತದೆ! ಮರುಶತಮಾನದಲ್ಲಿ ‘ಭೈರವಪದ್ಮಾವತೀಕಲ್ಪ’ ಬರೆದ ಮಲ್ಲಿಷೇಣ ಸೂರಿ, ಗದಗ ಸೀಮೆಯ ಮುಳಗುಂದದಲ್ಲಿ ಕೂತು ಮಹಾಪುರಾಣ ರಚಿಸಿದವರು.

ಹಳ್ಳಿಯ ಬಾಯಿಗೆ ವಶೀಕರಣದಂಥ ದೊಡ್ಡ ಪದ ಬೇಕಿರಲಿಲ್ಲ. ಮಗ ಹೆಂಡತಿಯ ಮಾತು ಕೇಳಿದರೆ ‘ಸೊಸೆ ಮದ್ದು ಹಾಕ್ಯಾಳ’, ಊರಿಗೆ ಊರೇ ಮೋಸ ಹೋದರೆ ‘ಮಂಕುಬೂದಿ ಎರಚಿದ’. ಆದರೆ ಬಸ್ ನಿಲ್ದಾಣದ ಗೋಡೆಯ ಚೀಟಿಗಳು ‘ಸ್ತ್ರೀ-ಪುರುಷ ವಶೀಕರಣ’ ಎಂದೇ ಬರೆಯುತ್ತವೆ. ಒಲ್ಲೆ ಎಂದವಳ ‘ಒಲ್ಲೆ’ಯನ್ನು ಅಳಿಸಿಕೊಡುತ್ತೇವೆ ಎಂಬುದೇ ಆ ಚೀಟಿಯ ವ್ಯಾಪಾರ, ಅಥರ್ವದ ಗಂಡಸು ಕೇಳಿದ್ದೂ ಅದನ್ನೇ. 2017ರಲ್ಲಿ ಕರ್ನಾಟಕ ಮಾಟಮಂತ್ರದ ವಿರುದ್ಧ ಕಾಯ್ದೆ ಮಾಡಿದೆ. ಚೀಟಿಗಳು ಮಾತ್ರ ಗೋಡೆ ಬಿಟ್ಟಿಲ್ಲ.

‘ವಶ’ದ ಮನೆತನದ ಉಳಿದ ಪದಗಳು ನಮ್ಮ ನಿತ್ಯದ ಮಾತಿನಲ್ಲೇ ಇವೆ. ನಮ್ಮ ವಶದಲ್ಲಿಲ್ಲದ್ದು, ತಪ್ಪಿಸಲಾಗದ್ದು ‘ಅವಶ್ಯ’. ‘ಮದುವೆಗೆ ಅವಶ್ಯವಾಗಿ ಬನ್ನಿ’ ಎಂದು ಕರೆಯುವಾಗ ಅದು ಯಾರಿಗೂ ನೆನಪಾಗದು. ‘ವಶೀಲಿ’ ಮಾತ್ರ ಈ ಮನೆಯದಲ್ಲ. ಅರಬ್ಬಿಯ ‘ವಸೀಲಾ’ ಇಲ್ಲಿಗೆ ಬಂದು ನೆಂಟನ ವೇಷ ತೊಟ್ಟಿದೆ.

‘ಪರವಶ’ದ ಪಾಡು ಇನ್ನೂ ಸೋಜಿಗದ್ದು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ದುಃಖದ ಲಕ್ಷಣವೇ ಪರವಶತೆ. ಕನ್ನಡದಲ್ಲಿ ಅದು ಆನಂದ. ಭಕ್ತ ಪರವಶನಾಗುತ್ತಾನೆ, ಮಲ್ಲಿಕಾರ್ಜುನ ಮನಸೂರರ ಹಾಡಿಗೆ ಸಭೆಯೇ ಪರವಶವಾಗುತ್ತಿತ್ತು. ಕನ್ನಡಿಗರು ಅರ್ಥ ತಿರುಚಿದರು ಎನ್ನಲಾರೆ. ಆ ಸಭೆಗೆ ಬಂದವರು ತಾವಾಗಿ ಬಂದವರು, ಬೇಡವೆನಿಸಿದರೆ ಎದ್ದು ಹೋಗಬಲ್ಲವರು. ಋಗ್ವೇದದ ಗಾಳಿಗಿದ್ದ ವಶ ಅವರಿಗೂ ಇತ್ತು. ಅದನ್ನು ಅವರೇ ಗಾಯಕನ ಕೈಗೆ ಕೊಟ್ಟರು.