ಕ್ಲೌಡ್ ಲೆಕ್ಕ: ದೊಡ್ಡ ಕಂಪೆನಿಯಿಂದ ಸಣ್ಣ ಅಂಗಡಿಯವರೆಗೆ

ವ್ಯಾಪಾರದ ಲೆಕ್ಕ, ಸ್ಟಾಕ್, ಬಿಲ್ಲು ಎಲ್ಲವನ್ನೂ ಬಾಡಿಗೆಗೆ ಪಡೆದ ದೂರದ ಸರ್ವರ್‌ನಲ್ಲಿ ಇಟ್ಟು ಇಂಟರ್‌ನೆಟ್ ಮೂಲಕ ಬಳಸುವುದೇ ಕ್ಲೌಡ್. ದೊಡ್ಡ ಕಂಪೆನಿಗಳಿಗೆ ಇದರಿಂದ ಎಲ್ಲಾ ಶಾಖೆಗಳ ಮಾರಾಟ ಒಂದೇ ಕಡೆ ಸಿಗುತ್ತದೆ. ಯಾವ ಊರಲ್ಲಿ ಯಾವ ಮಾಲು ಓಡುತ್ತದೆ ಎಂದು ಅದರಿಂದ ಲೆಕ್ಕ ಹಾಕುವುದು ಡೇಟಾ ಅನಾಲಿಟಿಕ್ಸ್.

ಇದು ದೊಡ್ಡವರ ವಿಷಯ ಅಂತ ಬಿಡುವ ಹಾಗಿಲ್ಲ. ಜಿಎಸ್‌ಟಿ ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಂದು 500 ಕೋಟಿ ರೂ. ಮೀರಿದ ವಹಿವಾಟಿನವರಿಗೆ ಕಡ್ಡಾಯವಾಯಿತು. ಮಿತಿ ಇಳಿಯುತ್ತಾ ಬಂದು 2023ರ ಆಗಸ್ಟ್ 1ರಿಂದ 5 ಕೋಟಿಗೆ ನಿಂತಿದೆ.

ಗಡಿಯ ವ್ಯಾಪಾರಿಗಳಿಗೆ ಇದು ಇನ್ನೂ ಹತ್ತಿರದ ಮಾತು. ಮಹಾರಾಷ್ಟ್ರದ ವಲಾಂಡಿ, ಉದಗೀರ ಕಡೆಯಿಂದ ಬೀದರ್‌ಗೆ 50,000 ರೂ. ಮೀರಿದ, ತೆರಿಗೆ ಇರುವ ಮಾಲು ಬರಬೇಕಾದರೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬೇಕು. ಅದು ಆನ್‌ಲೈನ್‌ನಲ್ಲೇ ಆಗಬೇಕು.

ಸಾಫ್ಟ್‌ವೇರ್ ಬಾಡಿಗೆ ನಿಲ್ಲಿಸಿದರೂ ಲೆಕ್ಕದ ಜವಾಬ್ದಾರಿ ವ್ಯಾಪಾರಿಯದ್ದೇ. ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆ ಇಡಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಬ್ಯಾಕಪ್ ತೆಗೆದಿಡಿ. ಪಾಸ್‌ವರ್ಡ್ ಅಕೌಂಟೆಂಟ್ ಒಬ್ಬರ ಕೈಯಲ್ಲೇ ಬಿಡಬೇಡಿ. ಕಾಮರ್ಸ್ ಕಲಿಯುವ ಮಕ್ಕಳು ಇದನ್ನು ಕಲಿತರೆ ಮನೆಯ ಅಂಗಡಿಗೂ ಉಪಕಾರ, ಕೆಲಸಕ್ಕೂ ದಾರಿ.