ಒಬ್ಬಳ ಹೆಗಲಿಗೆ ಬಿದ್ದ ಉಪಕೇಂದ್ರ

ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯದು. 1956ರ ನವೆಂಬರ್ 1ರಂದು ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ, ತಾಂಡೂರು, ಕೊಡಂಗಲ್ ಎಲ್ಲವೂ ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಈ ಗೆರೆಯ ಕಥೆಯನ್ನು ನಾವು ಹೇಳುವುದು ಭಾಷೆಯ ಲೆಕ್ಕದಲ್ಲಿ, ಕೈಬಿಟ್ಟ ಹಳ್ಳಿಗಳ ಲೆಕ್ಕದಲ್ಲಿ. ಇದೇ ಸೀಮೆಯಲ್ಲಿ ಮನೆಮನೆ ತಿರುಗುವ ನರ್ಸಮ್ಮ, ಅಂದರೆ ಎಎನ್‌ಎಂ, ಆ ಲೆಕ್ಕದಲ್ಲಿ ಬರುವುದು ಅಪರೂಪ. ಗಡಿಯ ಹಳ್ಳಿಯ ಬಾಣಂತಿ ಕನ್ನಡದಲ್ಲಿ ಮಾತಾಡುತ್ತಾಳೆ, ತಾಂಡಾದವಳು ಲಂಬಾಣಿಯಲ್ಲಿ, ಪೇಟೆಯವಳು ಉರ್ದುವಿನಲ್ಲಿ. ರಿಜಿಸ್ಟರು ತುಂಬುವುದು ತೆಲುಗಿನಲ್ಲಿ. ಆರೋಗ್ಯ ಸಿಬ್ಬಂದಿಯ ಬಳಲಿಕೆಯ ಬಗ್ಗೆ ಈಗ ಬಹಳ ಮಾತು ಕೇಳುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಆದರೂ ಮದ್ದು ಕೇಳಿದರೆ ಧ್ಯಾನ, ಯೋಗದ ಶಿಬಿರ ಎನ್ನುವವರೇ ಹೆಚ್ಚು. ಈ ದಣಿವು ಹುದ್ದೆಯೊಳಗೇ ಕಟ್ಟಿಕೊಂಡು ಬಂದದ್ದು, ಅದಕ್ಕೆ ಎಪ್ಪತ್ತು ವರ್ಷಗಳ ಕಡತಗಳೇ ಸಾಕ್ಷಿ ಎಂಬುದು ನನ್ನ ವಾದ.

ಹಳ್ಳಿಯ ಆರೋಗ್ಯ ಸೇವೆಯ ಮೊದಲ ನಕ್ಷೆ ಹೀಗಿರಲಿಲ್ಲ. 1946ರ ಭೋರ್ ಸಮಿತಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು. ಅಲ್ಲಿ ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಮಿಡ್‌ವೈಫ್‌ಗಳು, ತರಬೇತಿ ಪಡೆದ ನಾಲ್ವರು ಸೂಲಗಿತ್ತಿಯರು ಇರಬೇಕಿತ್ತು. ಒಬ್ಬಳು ರಾತ್ರಿಯಿಡೀ ಹೆರಿಗೆಗೆ ಕೂತರೆ ಬೆಳಿಗ್ಗೆ ಇನ್ನೊಬ್ಬಳು ಬರುವಷ್ಟು ಕೈಗಳು ಆ ಪಟ್ಟಿಯಲ್ಲಿದ್ದವು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಕೇಂದ್ರಗಳು ತೆರೆದಾಗ ಅವು ಬ್ಲಾಕ್‌ಗೊಂದರಂತೆ ಬಂದವು, 60,000ದಿಂದ ಲಕ್ಷ ಜನರಿಗೆ ಒಂದು. ಜನ ಹೆಚ್ಚಿದರು, ಕೈ ಕಡಿಮೆಯಾದವು. 1973ರ ಕರ್ತಾರ್ ಸಿಂಗ್ ಸಮಿತಿ ಮಲೇರಿಯಾ, ಸಿಡುಬು, ಕುಟುಂಬ ಯೋಜನೆ ಎಂದು ಬೇರೆಬೇರೆಯಾಗಿದ್ದ ಸಿಬ್ಬಂದಿಯನ್ನು ಒಂದುಗೂಡಿಸಿ 'ಬಹೂದ್ದೇಶ ಕಾರ್ಯಕರ್ತ'ರನ್ನು ಸೃಷ್ಟಿಸಿತು: 3,000ದಿಂದ 3,500 ಜನರಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ಆಲೋಚನೆ ಒಳ್ಳೆಯದೇ. ಆದರೆ ಬಯಲು ಸೀಮೆಗೆ ಕೊನೆಗೆ ನಿಂತ ಮಾನದಂಡ ಒಂದು ಉಪಕೇಂದ್ರಕ್ಕೆ 5,000 ಜನ. ಹೆಣ್ಣು ಕಾರ್ಯಕರ್ತೆಯ ಸಂಬಳದ ಹಣ ಕೇಂದ್ರದಿಂದ ಬಂತು, ಗಂಡು ಕಾರ್ಯಕರ್ತನದು ರಾಜ್ಯದ ಬೊಕ್ಕಸದ ಪಾಲಾಯಿತು; ಅವನ ಹುದ್ದೆಗಳು ದೇಶದ ತುಂಬ ಖಾಲಿ ಉಳಿದವು, ಅವನ ಕೆಲಸ ಇವಳ ಚೀಲಕ್ಕೆ ಬಿತ್ತು. ಕೆಲಸ ಹೀಗೆ ಹಿಗ್ಗುತ್ತಿದ್ದ 1977ರಲ್ಲೇ ಎಎನ್‌ಎಂ ತರಬೇತಿಯನ್ನು ಎರಡು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಸಿದ್ದು ನಮ್ಮ ಆಡಳಿತದ ಜಾಣತನಕ್ಕೆ ಒಂದು ಮಾದರಿ.

ಅದರ ಜೊತೆಗೆ ಟಾರ್ಗೆಟ್. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. 'ಕೇಸು' ತರುವ ಹೊಣೆ ಬಿದ್ದದ್ದು ಹಳ್ಳಿಯ ಕೆಳಹಂತದ ನೌಕರರ ಮೇಲೆ, ಬೈಗುಳ ಬಿದ್ದದ್ದೂ ಅವರಿಗೇ. ಈ ಗುರಿಗಳನ್ನು ಅಧಿಕೃತವಾಗಿ ಕೈಬಿಟ್ಟದ್ದು 1996ರ ಏಪ್ರಿಲ್‌ನಲ್ಲಿ. ಮನೆಗೆ ಬಂದವಳು ಮದ್ದು ಕೊಡಲು ಬಂದಳೋ ಕೇಸು ಹುಡುಕಲು ಬಂದಳೋ ಎಂಬ ಗುಮಾನಿ ಸುತ್ತೋಲೆಯೊಂದರಿಂದ ಅಳಿಸುವಂಥದ್ದಲ್ಲ. ನಂಬಿಕೆ ಕೆಟ್ಟ ಕಡೆ ಒಂದು ಸಲ ಹೋಗಿ ಮುಗಿಸುವ ಕೆಲಸಕ್ಕೆ ನಾಲ್ಕು ಸಲ ಹೋಗಬೇಕು.

ಲಸಿಕೆಯ ದಿನವನ್ನೇ ನೋಡಿ. ನಾಲ್ಕು ಐಸ್ ಪ್ಯಾಕ್ ಇಟ್ಟ ಡಬ್ಬಿ ಬೆಳಿಗ್ಗೆ ಆರೋಗ್ಯ ಕೇಂದ್ರದಿಂದ ಹೊರಡುತ್ತದೆ, ಸಂಜೆಯೊಳಗೆ ಅಲ್ಲಿಗೇ ಮರಳಬೇಕು. ಬಿಸಿಜಿ ಅಥವಾ ದಡಾರದ ಬಾಟಲಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕೇ ತಾಸು, ಉಳಿದದ್ದು ಚೆಲ್ಲಬೇಕು. ನಾರಾಯಣಖೇಡದ ತಾಂಡಾದಲ್ಲಿ ತಾಯಂದಿರು ಕಬ್ಬು ಕಡಿಯಲು ಗುಳೆ ಹೋಗಿದ್ದರೆ, ತಾಂಡೂರಿನ ಕಲ್ಲುಗಣಿಗಳ ಕಡೆ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕಿದ್ದರೆ, ಇರುವ ಇಬ್ಬರು ಮಕ್ಕಳಿಗಾಗಿ ಬಾಟಲಿ ಒಡೆಯಬೇಕೇ, ಕಾಯಬೇಕೇ? ಒಡೆದರೆ ಪೋಲಾದ ಡೋಸುಗಳಿಗೆ ಲೆಕ್ಕ ಕೊಡಬೇಕು, ಕಾದರೆ ಮುಂದಿನ ಊರು ತಪ್ಪುತ್ತದೆ. ಡಬ್ಬಿ ಒಪ್ಪಿಸಿ ಮನೆ ಸೇರಿದ ಮೇಲೆ ರಿಜಿಸ್ಟರು, ಅದರ ಹಿಂದೆ ಟ್ಯಾಬ್. 2016ರಲ್ಲಿ 'ಅನ್‌ಮೋಲ್' ಆ್ಯಪ್ ಬಂದಾಗ ಕಾಗದದ ಹೊರೆ ತಪ್ಪುತ್ತದೆ ಎಂದರು. ಪುಸ್ತಕವೂ ಉಳಿಯಿತು, ಆ್ಯಪೂ ಸೇರಿತು.

ಹಿಂದಿನವರು ದಣಿಯಲಿಲ್ಲವೇ ಎಂದು ಕೇಳುವವರಿದ್ದಾರೆ. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು ಎಂಬುದು ಅವರು ಕೊಡುವ ಉದಾಹರಣೆ. ನರಸಮ್ಮನವರ ಸಾಧನೆ ದೊಡ್ಡದು, ಹೋಲಿಕೆ ಮಾತ್ರ ಸರಿಯಿಲ್ಲ. ಸೂಲಗಿತ್ತಿಗೆ ಕರೆ ಬಂದಾಗ ಕೆಲಸ, ಮುಗಿದ ಮೇಲೆ ಮನೆ. ತಿಂಗಳ ಕೊನೆಗೆ ಪರಿಶೀಲನಾ ಸಭೆಯಿರಲಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: 2005ರಿಂದ ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆ ಇದ್ದಾಳೆ, 108 ಆಂಬುಲೆನ್ಸ್ ಇದೆ, ಹೆರಿಗೆಗಳು ಆಸ್ಪತ್ರೆಗೆ ಸರಿದಿವೆ, ಹೊರೆ ಇಳಿದಿರಬೇಕಲ್ಲ? ಹೆರಿಗೆಯ ರಾತ್ರಿಗಳು ಕಡಿಮೆಯಾದದ್ದು ನಿಜ. ಅದರ ಜಾಗಕ್ಕೆ ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ, ಕ್ಷಯದ ಸಮೀಕ್ಷೆ, ಕೋವಿಡ್‌ನ ಮನೆಮನೆ ಭೇಟಿ ಬಂದವು. ಆಶಾಳನ್ನಂತೂ ಸರ್ಕಾರ ಸ್ವಯಂಸೇವಕಿ ಎಂದು ಬರೆದುಕೊಂಡು ನೌಕರಳಂತೆ ದುಡಿಸಿತು. 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇಂಥ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಬೇಕೆಂದಿತು; ಶಿಫಾರಸು ಶಿಫಾರಸಾಗಿಯೇ ಉಳಿದಿದೆ. 2022ರ ಮೇ ತಿಂಗಳಲ್ಲಿ ಭಾರತದ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಗೌರವ ಸಿಕ್ಕಿತು, 2023ರಲ್ಲಿ ತೆಲಂಗಾಣದ ಆಶಾಗಳು 18,000 ರೂಪಾಯಿ ನಿಗದಿತ ವೇತನಕ್ಕಾಗಿ ಬೀದಿಗಿಳಿದರು. ಗೆರೆಯ ಈಚೆಗೆ, 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಕೂತವರ ಬೇಡಿಕೆ 15,000. ರಾಜ್ಯ ಬದಲಾದರೂ ದೂರು ಬದಲಾಗಲಿಲ್ಲ. ದೋಷ ಒಂದು ಸರ್ಕಾರದ್ದಲ್ಲ, ಹುದ್ದೆಯ ರಚನೆಯದು ಎನ್ನಲು ಇದಕ್ಕಿಂತ ಪುರಾವೆ ಬೇಕೆ?

ಯೋಗ ಶಿಬಿರ ಬೇಡವೆಂದಲ್ಲ, ಆದರೆ ಅದಕ್ಕೆ ಹೋಗಲೂ ಅವಳಿಗೆ ಒಂದು ದಿನ ರಜೆ ಬೇಕು. ಇಂದಿಗೂ ಎಎನ್‌ಎಂ ರಜೆ ಹಾಕಿದರೆ ಅವಳ ಹಳ್ಳಿಗಳು ಪಕ್ಕದ ಉಪಕೇಂದ್ರದವಳಿಗೆ 'ಇನ್‌ಚಾರ್ಜ್' ಆಗಿ ಬೀಳುತ್ತವೆ. ಗಂಡು ಕಾರ್ಯಕರ್ತರ ಖಾಲಿ ಹುದ್ದೆಗಳನ್ನು ತುಂಬಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಜೆಯ ಬದಲಿಗೆಂದೇ ಒಬ್ಬ ಎಎನ್‌ಎಂ ಮಂಜೂರು ಮಾಡಿ. ಸಂಗಾರೆಡ್ಡಿ, ವಿಕಾರಾಬಾದ್‌ಗೆ ಎಷ್ಟು ಬೇಕೋ ಬೀದರ್, ಕಲಬುರಗಿಗೂ ಅಷ್ಟೇ ಬೇಕು.